ಕೊರಳು ಬದಲಾಯಿಸಿ ನೋಡಿದ್ದು

ಮಗಳ ಮುಂದೆ ಇದರ ಹೆಸರು ಎತ್ತುವಂತಿಲ್ಲ.
ನೆಕ್ಕು ಅಂದರೆ ಸಾಕು, ನಾಲಿಗೆ ಚಾಚಿಕೊಂಡು
ಮನೆಯೆಲ್ಲ ಓಡುತ್ತಾಳೆ.
ಅದಕ್ಕೇ ಕೊರಳು ಅನ್ನುತ್ತೇನೆ.
ಗೇಣುದ್ದದ ಬಾಗಿದ ಕೊಳವೆ, ಬಾಯಿಗೂ ಒಡಲಿಗೂ ನಡುವೆ,
ಉಸಿರು ಇನ್ನೂ ಸ್ವರವಾಗಿರದ ಜಾಗ.

ಗುತ್ತಲಿನ ಬಾಡಿಗೆ ಮನೆ. ಆಷಾಢ, ಮದುವೆಗಳಿಲ್ಲ.
ಕಾರ್ಖಾನೆ ಕಡೆಯಿಂದ ಸೀದ ಬೆಲ್ಲದಂಥ ಗಾಳಿ.
ಚಾಪೆಯ ಮೇಲೆ ಹಳೆ ಪಂಚೆ ಹಾಸಿ
ಮೂರನ್ನೂ ಮಲಗಿಸಿದ್ದೇನೆ.

ಒಂದು ನನ್ನದೇ, ಸ್ಯಾಕ್ಸೊಫೋನಿನ ಜೊತೆ ಹುಟ್ಟಿದ್ದು.
ಯಾವುದೋ ದಿಬ್ಬಣದಲ್ಲಿ ಟೆಂಪೊ ಬಾಗಿಲು ಬಡಿದು
ಬೆನ್ನ ಮೇಲೆ ಕಡಲೆಕಾಳಿನಷ್ಟು ತಗ್ಗು.
ಬುಡವೂ ಸಡಿಲ. ಲಗ್ನಪತ್ರಿಕೆ ಹರಿದು ಸುತ್ತಿ
ಬಿಗಿ ಮಾಡುತ್ತ ಬಂದೆ, ಹದಿನೆಂಟು ವರ್ಷ.

ಇನ್ನೊಂದಕ್ಕೆ ಬೆಳ್ಳಿಯ ಲೇಪ.
ಮೈಸೂರಿನ ಪೊಲೀಸ್ ಬ್ಯಾಂಡಿನಲ್ಲಿದ್ದ ಇನಾಸಪ್ಪನವರು
ಕರ್ಚೀಫಿನಲ್ಲಿ ಸುತ್ತಿ ಕೊಟ್ಟರು:
ಊದಿ ನೋಡು, ಕೂಡಿ ಬಂದರೆ ದುಡ್ಡು ಕೊಡು.

ಮೂರನೆಯದು ತಾಮ್ರ.
ಲಷ್ಕರ್ ಮೊಹಲ್ಲಾದ ಪಾತ್ರೆ ಅಂಗಡಿಯ ಮುನೀರ್ ಸಾಬರು
ದಾರದಲ್ಲಿ ಅಳತೆ ಹಿಡಿದು ಹನ್ನೊಂದು ದಿನ ಬಡಿದದ್ದು.
'ಬಿಂದಿಗೆಗೆ ಎಷ್ಟೋ ಕೊರಳು ಕೂಡಿಸಿದ್ದೀನಿ,
ವಾದ್ಯಕ್ಕೆ ಇದೇ ಮೊದಲು. ಸೋರಿದರೆ ತನ್ನಿ.'

ಹೆಂಡತಿಯನ್ನು ಬೆನ್ನು ತಿರುಗಿಸಿ ಕೂರಿಸಿದೆ,
ಮೊರದಲ್ಲಿ ಅಕ್ಕಿ, ಕೈಯಲ್ಲಿ ಕಲ್ಲು.
ಮೋಹನದ ಅದೇ ನಾಲ್ಕು ಸ್ವರ, ಗ ಪ ದ ಸ,
ಒಂದೊಂದು ಕೊರಳಿಗೂ ಮೂರು ಸಲ.

ಬೆಳ್ಳಿಯದು ಓದಿದ ಹುಡುಗ, ಕೇಳಿದ್ದಕ್ಕಷ್ಟೇ ಉತ್ತರ.
ತಾಮ್ರಕ್ಕೆ ಕೆಳಗಿನ ಸ್ಥಾಯಿ ಸಿಕ್ಕಿದರೆ
ಹಂಡೆಯೊಳಗೆ ಬಗ್ಗಿ ಯಾರೋ ಕರೆದಂತೆ,
ಮೇಲೆ ಹತ್ತಿಸಿದರೆ ಮುನಿಸು.
ನನ್ನದು ನನ್ನದರಂತೆಯೇ ಇತ್ತು.

ಯಾವುದು ಚೆಂದ, ಜಯಶೀಲ?
'ಮೂರೂ ಒಂದೇ ಥರ ಐತೆ ಕಣ್ರೀ.
ಎರಡ್ನೇದ್ರಲ್ಲಿ ನೀವು ವಸಿ ಹೆದರಿದ್ರಿ.'
ಮತ್ತೆ ಅಕ್ಕಿ, ಮತ್ತೆ ಕಲ್ಲು.

ಹೆದರಿದ್ದು ನಿಜ.
ಶ್ರುತಿಪೆಟ್ಟಿಗೆ ಹಾಕಿ ಪಂಚಮ ಹಿಡಿದೆ,
ಇಳಿಯಿತು. ಬೆಳ್ಳಿಯಲ್ಲೂ ಇಳಿಯಿತು, ತಾಮ್ರದಲ್ಲೂ.
ನಾಲ್ಕು ಸಲ ಆದಮೇಲೆ ಗೊತ್ತಾಯಿತು:
ನನ್ನ ಹಳೆಯ ಕೊರಳಲ್ಲಿ ಪಂಚಮ ಕೂದಲೆಳೆ ಏರುತ್ತಿತ್ತು,
ಅದನ್ನು ಇಳಿಸಲು ಕೆಳತುಟಿ ಸಡಿಲ ಬಿಡುತ್ತಿತ್ತು,
ನನ್ನನ್ನು ಕೇಳದೆ, ನನಗೆ ಹೇಳದೆ.
ಈಗ ನೆಟ್ಟಗಿರುವ ಕೊರಳಿಗೂ ಅದೇ ಉಪಕಾರ.

ಅಪ್ಪ ಓಲಗದವನು, ಆರಡಿ ಆಳು.
ಹಳೆ ಮನೆಯ ಬಾಗಿಲು ಗಿಡ್ಡ.
ಈ ಮನೆಗೆ ಬಂದ ಮೇಲೂ, ತಲೆಯ ಮೇಲೆ ಮೊಳ ಜಾಗವಿದ್ದರೂ,
ಹೊಸಿಲಲ್ಲಿ ಬಗ್ಗಿಯೇ ಒಳಗೆ ಬರುತ್ತಿದ್ದ.
ನಾವು ನಗುತ್ತಿದ್ದೆವು.

ಶ್ರಾವಣದ ಮೊದಲ ಮುಹೂರ್ತ ಶ್ರೀರಂಗಪಟ್ಟಣದಲ್ಲಿ.
ಹಳೆಯದನ್ನೇ ಒಯ್ಯುತ್ತೇನೆ, ಲಗ್ನಪತ್ರಿಕೆ ಸುತ್ತಿ;
ಜನರೇಟರಿನ ಪಕ್ಕ ಕೂರಿಸುತ್ತಾರೆ ಹೇಗೂ.
ಬೆಳ್ಳಿಯದನ್ನು ಇನ್ನೂ ವಾಪಸು ಕಳಿಸಿಲ್ಲ, ದುಡ್ಡೂ ಕೊಟ್ಟಿಲ್ಲ.
ಬೆಳಿಗ್ಗೆ ಹಾಲಿನವನು ಬರುವ ಮುಂಚೆ ಹತ್ತು ನಿಮಿಷ,
ಬರೀ ಪಂಚಮ.
ತುಟಿಗೆ ಹೇಳುತ್ತೇನೆ: ಬಗ್ಗಬೇಡ, ಬಾಗಿಲು ಎತ್ತರವಿದೆ.
ಕೆಲವು ದಿನ ಕೇಳುತ್ತದೆ.

ತಾಮ್ರದ್ದು ಮಾತ್ರ ಚಾಪೆಯ ಮೇಲಿರಲಿಲ್ಲ ಅವತ್ತು ಸಂಜೆ.
ಹುಡುಕಿದರೆ ಮಗಳು ಹಿತ್ತಲಲ್ಲಿ,
ಬೆನ್ನ ಹಿಂದೆ ಎರಡೂ ಕೈ.
'ಒಂದೇ ಸಲ ನೆಕ್ ನೋಡ್ದೆ, ಅಪ್ಪ.
ಹುಳಿ.'

ಸುಳ್ಳಲ್ಲ. ಮುನೀರ್ ಸಾಬರು ಕೊಡುವ ಮೊದಲು
ಹುಣಸೆಹಣ್ಣು ತಿಕ್ಕಿ ತೊಳೆದಿದ್ದರು.
ನಾನು ಅಷ್ಟು ಸಲ ಊದಿದ್ದೆ,
ನನಗೆ ಗೊತ್ತೇ ಆಗಿರಲಿಲ್ಲ.